ಜಾಝ್‌ನಿಂದ ಕಂಟ್ರಿಗೆ, ಮತ್ತೆ ಜಾಝ್‌ಗೆ: ನೋರಾ ಜೋನ್ಸ್ ಹಾಡಿನ ಹಾದಿ

2003ರ ಫೆಬ್ರವರಿ 23ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಗ್ರ್ಯಾಮಿ ಸಮಾರಂಭದಲ್ಲಿ 23ರ ಹರೆಯದ ಯುವತಿಯೊಬ್ಬರು ಒಂದೇ ರಾತ್ರಿ ಐದು ಪ್ರಶಸ್ತಿಗಳನ್ನು ಗೆದ್ದರು. ಹೆಸರು ನೋರಾ ಜೋನ್ಸ್. ಸಿತಾರ್ ವಾದಕ ಪಂಡಿತ್ ರವಿಶಂಕರ್ ಅವರ ಮಗಳು ಎಂಬ ಕಾರಣಕ್ಕೆ ನಮ್ಮ ದೇಶದಲ್ಲೂ ಅಂದು ಆಕೆಯ ಸುದ್ದಿಯೇ ಸುದ್ದಿ. ಜಗತ್ತೆಲ್ಲ ಆಕೆಯನ್ನು ಜಾಝ್ ಗಾಯಕಿ ಎಂದು ಕರೆಯುತ್ತಿತ್ತು. ಆದರೆ ಗೆದ್ದ ಐದರಲ್ಲಿ ಜಾಝ್ ವಿಭಾಗದ ಪ್ರಶಸ್ತಿ ಒಂದೂ ಇರಲಿಲ್ಲ. ಎರಡು ಪಾಪ್ ವಿಭಾಗದವು, ಉಳಿದ ಮೂರು ಯಾವ ಪ್ರಕಾರಕ್ಕೂ ಸೇರದ ಸಾಮಾನ್ಯ ವಿಭಾಗದವು. ಹಾಗಾದರೆ ಈಕೆ ಹಾಡುವುದು ಏನನ್ನು? ಈ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಆಕೆಯ ಬೆನ್ನು ಬಿಟ್ಟಿಲ್ಲ.

ಮೊದಲು ತಂದೆಯ ವಿಚಾರ ಮುಗಿಸಿಬಿಡೋಣ. 1979ರ ಮಾರ್ಚ್ 30ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಗೀತಾಲಿ ನೋರಾ ಜೋನ್ಸ್ ಶಂಕರ್. ತಾಯಿ ಸಂಗೀತ ಕಾರ್ಯಕ್ರಮಗಳ ಸಂಯೋಜಕಿ ಸೂ ಜೋನ್ಸ್. ತಂದೆ-ತಾಯಿ ಬೇರೆಯಾದ ಬಳಿಕ ಹುಡುಗಿ ಬೆಳೆದದ್ದು ಟೆಕ್ಸಾಸ್ ರಾಜ್ಯದ ಗ್ರೇಪ್‌ವೈನ್ ಎಂಬ ಊರಿನಲ್ಲಿ, ತಾಯಿಯ ಜೊತೆ. ಹದಿನಾರನೇ ವಯಸ್ಸಿನಲ್ಲಿ ಹೆಸರನ್ನು ಅಧಿಕೃತವಾಗಿ ನೋರಾ ಜೋನ್ಸ್ ಎಂದು ಬದಲಿಸಿಕೊಂಡರು. ಆಕೆ ಸಿತಾರ್ ಕಲಿತವರಲ್ಲ. ಆಕೆಯ ಸಂಗೀತದಲ್ಲಿ ರಾಗ-ತಾಳ ಹುಡುಕುವವರು ನಿರಾಶರಾಗುತ್ತಾರೆ. ಆ ಪರಂಪರೆಯನ್ನು ಮುಂದುವರಿಸಿದವರು ಮಲತಂಗಿ ಅನೌಷ್ಕಾ ಶಂಕರ್. ಆದರೂ ಅಕ್ಕ-ತಂಗಿಯರ ನಡುವೆ ಬಾಂಧವ್ಯ ಬೆಳೆದು, ತಂದೆ ತೀರಿಕೊಂಡ ಮರುವರ್ಷ, ಅಂದರೆ 2013ರಲ್ಲಿ ಬಂದ ಅನೌಷ್ಕಾ ಅವರ 'ಟ್ರೇಸಸ್ ಆಫ್ ಯು' ಆಲ್ಬಂನಲ್ಲಿ ನೋರಾ ಮೂರು ಹಾಡು ಹಾಡಿದ್ದಾರೆ.

ನೋರಾ ಅವರ ನಿಜವಾದ ಪಾಠಶಾಲೆ ತಾಯಿಯ ಗ್ರಾಮಫೋನ್ ತಟ್ಟೆಗಳ ಸಂಗ್ರಹ. ಅದರಲ್ಲಿದ್ದ ಬಿಲ್ಲಿ ಹಾಲಿಡೇ ಅವರ ಹಾಡುಗಳನ್ನು ಹುಡುಗಿ ಮತ್ತೆ ಮತ್ತೆ ಕೇಳಿದಳು. ಜಾಝ್ ಎಂದರೆ ಅಮೆರಿಕದ ಕಪ್ಪು ಜನರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಪಿಸಿದ ಸಂಗೀತ. ಗೊತ್ತಿರುವ ಹಾಡನ್ನೇ ಎತ್ತಿಕೊಂಡು ಸ್ಥಳದಲ್ಲೇ ಹೊಸದಾಗಿ ಬೆಳೆಸುವುದು ಅದರ ಜೀವಾಳ. ನಮ್ಮ ಗವಾಯಿಗಳು ಚೀಜನ್ನು ವಿಸ್ತರಿಸುವ ಹಾಗೆ ಎಂದು ಸ್ಥೂಲವಾಗಿ ಹೇಳಬಹುದು. ಡಲ್ಲಾಸ್‌ನ ಕಲಾ ಶಾಲೆಯಲ್ಲಿ ಓದುವಾಗಲೇ ನೋರಾ 'ಡೌನ್ ಬೀಟ್' ಎಂಬ ಜಾಝ್ ಪತ್ರಿಕೆಯ ವಿದ್ಯಾರ್ಥಿ ಪ್ರಶಸ್ತಿಗಳನ್ನು ಪಡೆದರು. ಬಳಿಕ ಸೇರಿದ್ದು ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ. 1947ರಲ್ಲೇ ಜಾಝ್‌ಗೆ ಪದವಿ ಆರಂಭಿಸಿದ ಸಂಸ್ಥೆ ಅದು. ಅಲ್ಲಿ ಆಕೆಯ ವಿಷಯ ಜಾಝ್ ಪಿಯಾನೊ.

ಪದವಿ ಮುಗಿಯಲಿಲ್ಲ. 1999ರ ಬೇಸಿಗೆಯಲ್ಲಿ, ಎರಡು ವರ್ಷದ ಓದಿನ ನಂತರ, ರಜೆಗೆಂದು ನ್ಯೂಯಾರ್ಕಿಗೆ ಹೋದವರು ಅಲ್ಲೇ ಉಳಿದುಬಿಟ್ಟರು. ಹೋಟೆಲಿನಲ್ಲಿ ಊಟ ಬಡಿಸುವ ಕೆಲಸ, ಸಂಜೆಗೆ ಹಾಡು. ಅಲ್ಲಿ ಜೊತೆಯಾದವರು ಗೀತರಚನಕಾರ ಜೆಸ್ಸಿ ಹ್ಯಾರಿಸ್ ಮತ್ತು ಬಾಸ್ ವಾದಕ ಲೀ ಅಲೆಕ್ಸಾಂಡರ್. ಜಾಝ್ ಕಲಿತ ಹುಡುಗಿ ಗಿಟಾರ್ ಹಿಡಿದು ಹಾಡು ಕಟ್ಟುವವರ ಗುಂಪಿಗೆ ಬಂದು ಸೇರಿದ್ದು ಹೀಗೆ. 2001ರಲ್ಲಿ ಬ್ಲೂ ನೋಟ್ ಕಂಪನಿ ಆಕೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಜರ್ಮನಿಯಿಂದ ಬಂದ ಆಲ್ಫ್ರೆಡ್ ಲಯನ್ 1939ರಲ್ಲಿ ಕಟ್ಟಿದ ಈ ಕಂಪನಿ ಜಾಝ್‌ಗೆ ಗುರುಪೀಠವಿದ್ದಂತೆ.

2002ರ ಫೆಬ್ರವರಿಯಲ್ಲಿ ಹೊರಬಂದ ಮೊದಲ ಆಲ್ಬಂ 'ಕಮ್ ಅವೇ ವಿತ್ ಮಿ'. ನಿರ್ಮಾಪಕರು ಟರ್ಕಿ ಮೂಲದ ಹಿರಿಯ ಆರಿಫ್ ಮಾರ್ಡಿನ್. ಗ್ರ್ಯಾಮಿಯ ಗದ್ದಲದಲ್ಲಿ ಈ ಆಲ್ಬಂನ ಒಳಗನ್ನು ಸರಿಯಾಗಿ ನೋಡಿದವರು ಕಡಿಮೆ. ಹೆಸರು ತಂದ 'ಡೋಂಟ್ ನೋ ವೈ' ಜೆಸ್ಸಿ ಹ್ಯಾರಿಸ್ ಬರೆದದ್ದು, ಅವರಿಗೂ ಗ್ರ್ಯಾಮಿ ಬಂತು. ಕೊನೆಯಲ್ಲಿರುವ 'ದ ನಿಯರ್‌ನೆಸ್ ಆಫ್ ಯು' ಹೋಗಿ ಕಾರ್ಮೈಕಲ್ ರಾಗ ಹಾಕಿದ ಹಳೆಯ ಹಾಡು, ಅದಕ್ಕೆ ಪಿಯಾನೊ ಮಾತ್ರ ಸಾಥ್. ನಡುವೆ ಹ್ಯಾಂಕ್ ವಿಲಿಯಮ್ಸ್ ಅವರ 'ಕೋಲ್ಡ್ ಕೋಲ್ಡ್ ಹಾರ್ಟ್' ಇದೆ. ವಿಲಿಯಮ್ಸ್ ಕಂಟ್ರಿ ಸಂಗೀತದ ದಿಗ್ಗಜ. ಕಂಟ್ರಿ ಎಂದರೆ ಅಮೆರಿಕದ ದಕ್ಷಿಣ ಭಾಗದ ಹಳ್ಳಿಗಾಡಿನ ಹಾಡು. ಅದನ್ನು ನೋರಾ ಹಾಡಿದ್ದು ಜಾಝ್‌ನವರ ಹಾಗೆ, ತಾಳಕ್ಕಿಂತ ಕೊಂಚ ಹಿಂದೆ ನಿಂತು, ಆತುರವಿಲ್ಲದೆ. ಅಂದರೆ ಆಕೆ ಜಾಝ್ ಬಿಟ್ಟು ಕಂಟ್ರಿಗೆ ಹೋದರು ಎಂದು ಮುಂದೆ ಕೆಲವರು ಬರೆದದ್ದು ಪೂರ್ತಿ ನಿಜವಲ್ಲ. ಮೊದಲ ದಿನದಿಂದಲೂ ಎರಡೂ ಒಟ್ಟಿಗೇ ಇದ್ದವು.

ಗಡಿಯೂರಿನ ನಮಗೆ ಇದು ಹೊಸ ಸಮಸ್ಯೆಯೇನಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿಯೋ ತೆಲುಗೋ ಮಲಯಾಳವೋ ಆಡುವವರ ಮುಂದೆ ಜನಗಣತಿಯವರು ಕಾಗದ ಹಿಡಿದು ನಿಂತಾಗ ಮಾತೃಭಾಷೆಯ ಜಾಗದಲ್ಲಿ ಒಂದೇ ಹೆಸರು ಬರೆಸಬೇಕು. ಗದಗಿನ ಭೀಮಸೇನ ಜೋಶಿ ಮರಾಠಿ ಅಭಂಗವನ್ನೂ ಕನ್ನಡದ ದಾಸರ ಪದವನ್ನೂ ಹಾಡಿದಾಗ ಯಾವುದು ಅವರದು ಎಂದು ಸೊಲ್ಲಾಪುರದ ಕಡೆ ಯಾರೂ ಕೇಳಲಿಲ್ಲ. ಆದರೆ ಕ್ಯಾಸೆಟ್ ಅಂಗಡಿಯವನಿಗೆ ಬೇರೆ ಬೇರೆ ಕಪಾಟು ಬೇಕಿತ್ತು.

ಅಮೆರಿಕದ ಜಾಝ್ ವಲಯದಲ್ಲಿ ಗೊಣಗಾಟ ಇದ್ದೇ ಇತ್ತು. ಹಾಡು ತೀರಾ ಮೆತ್ತಗೆ, ಕೇಳಿದರೆ ಗೊರಕೆ ಬರುತ್ತದೆ ಎಂದು ಆಕೆಯ ಹೆಸರನ್ನೇ ತಿರುಚಿ 'ಸ್ನೋರಾ' ಎಂದು ಗೇಲಿ ಮಾಡಿದರು. ನೋರಾ ವಾದಕ್ಕೆ ಇಳಿಯದೆ ತನಗೆ ಬೇಕಾದ ಕಡೆಗೆ ಹೋದರು. 2004ರ 'ಫೀಲ್ಸ್ ಲೈಕ್ ಹೋಮ್' ಆಲ್ಬಂನಲ್ಲಿ ಕಂಟ್ರಿಯ ಹಿರಿಯಕ್ಕ ಡಾಲಿ ಪಾರ್ಟನ್ ಜೊತೆ ಹಾಡಿದರು. ಮೊದಲ ವಾರದಲ್ಲೇ ಅಮೆರಿಕದಲ್ಲಿ ಅದರ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅದೇ ವರ್ಷ ತೀರಿಕೊಂಡ ರೇ ಚಾರ್ಲ್ಸ್ ಅವರ ಕೊನೆಯ ಆಲ್ಬಂನಲ್ಲೂ ಆಕೆಯ ದನಿ ಇದೆ. ಆ ಯುಗಳ ಗೀತೆಗೆ 2005ರಲ್ಲಿ ಗ್ರ್ಯಾಮಿ ಸಿಕ್ಕಿತು. ಗೆಳೆಯರ ಜೊತೆ 'ಲಿಟಲ್ ವಿಲ್ಲೀಸ್' ಎಂಬ ಕಂಟ್ರಿ ತಂಡ ಕಟ್ಟಿದರು. ರಾಕ್‌ನ ಫೂ ಫೈಟರ್ಸ್, ರ‍್ಯಾಪ್‌ನ ಔಟ್‌ಕಾಸ್ಟ್, ಜಾಝ್‌ನ ಹರ್ಬಿ ಹ್ಯಾನ್‌ಕಾಕ್ ಎಲ್ಲರೂ ಕರೆದರು, ಈಕೆ ಎಲ್ಲರಿಗೂ ಹಾಡಿದರು.

2009ರ 'ದ ಫಾಲ್' ಹೊತ್ತಿಗೆ ಲೀ ಅಲೆಕ್ಸಾಂಡರ್ ಅವರಿಂದ ಬೇರೆಯಾಗಿದ್ದರು. ಹಳೆಯ ತಂಡವನ್ನೂ ಬಿಟ್ಟು, ಪಿಯಾನೊ ಹಿಂದಿಟ್ಟು ಗಿಟಾರ್ ಹಿಡಿದರು. 2012ರಲ್ಲಿ ಡೇಂಜರ್ ಮೌಸ್ ಎಂಬ ನಿರ್ಮಾಪಕರೊಂದಿಗೆ ಮಾಡಿದ 'ಲಿಟಲ್ ಬ್ರೋಕನ್ ಹಾರ್ಟ್ಸ್' ಇನ್ನೂ ಮುಂದೆ ಹೋಯಿತು. ಮುರಿದ ಪ್ರೀತಿಯ ಕತ್ತಲ ಹಾಡುಗಳು, ಯಂತ್ರದ ನಾದ. ಈ ಬರಹಗಾರನ ಕಿವಿಗೆ ಅದು ಅಷ್ಟು ಹಿಡಿಸಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಬೆಂಗಳೂರಿಗೂ ಬಂದು ಹಾಡಿಹೋದರು.

ತಿರುವು ಬಂದದ್ದು 2014ರಲ್ಲಿ. ಬ್ಲೂ ನೋಟ್ ಕಂಪನಿಗೆ 75 ತುಂಬಿದ ಪ್ರಯುಕ್ತ ವಾಷಿಂಗ್ಟನ್ನಿನ ಕೆನಡಿ ಸೆಂಟರ್‌ನಲ್ಲಿ ನಡೆದ ಕಛೇರಿಯಲ್ಲಿ ಸ್ಯಾಕ್ಸೊಫೋನ್ ವಾದಕ ವೇನ್ ಶಾರ್ಟರ್, ಡ್ರಮ್‌ನ ಬ್ರಯನ್ ಬ್ಲೇಡ್ ಇದ್ದ ವೇದಿಕೆಯಲ್ಲಿ ಆಕೆ ಹಾಡಿದರು. ಇದೇ ಇಬ್ಬರು ಎರಡು ವರ್ಷದ ನಂತರ 'ಡೇ ಬ್ರೇಕ್ಸ್' ಆಲ್ಬಂಗೂ ಬಂದರು. ನೋರಾ ಮತ್ತೆ ಪಿಯಾನೊ ಮುಂದೆ ಕುಳಿತಿದ್ದರು. ಡ್ಯೂಕ್ ಎಲಿಂಗ್ಟನ್, ಹೊರೇಸ್ ಸಿಲ್ವರ್ ಅವರ ಕೃತಿಗಳು ಅದರಲ್ಲಿವೆ. ಮೊದಲ ಆಲ್ಬಂಗಿಂತ ಇದರಲ್ಲಿ ಜಾಝ್ ಹೆಚ್ಚು, ದನಿಯಲ್ಲಿ ಮಾಗಿದ ಗುಣವೂ ಹೆಚ್ಚು. ನೋರಾ ಅವರನ್ನು ಕೇಳದವರು ಇದರಿಂದಲೇ ಆರಂಭಿಸಬಹುದು.

2024ರಲ್ಲಿ ಬಂದ 'ವಿಷನ್ಸ್' ಆಲ್ಬಂಗೆ 2025ರ ಫೆಬ್ರವರಿಯಲ್ಲಿ ಮತ್ತೊಂದು ಗ್ರ್ಯಾಮಿ ಲಭಿಸಿತು. ವಿಭಾಗ ಈ ಬಾರಿಯೂ ಜಾಝ್ ಅಲ್ಲ, ಸಾಂಪ್ರದಾಯಿಕ ಪಾಪ್.