ಉತಾರದಾಗ ಹೆಸರಿಲ್ಲದವರ ಬಿಸಿಲು

ನಮ್ಮ ತಡಸದ ಕಡೆ ಹೊಲದ ದಾಖಲೆಗೆ ಉತಾರ ಅಂತಾರ. ಪಾವಗಡದ ಕಡೆ ಪಹಣಿ. ಎರಡೂ ಹಾಳಿಯ ಗುಣ ಒಂದೇ. ಹೊಲದ ಒಡೆಯ ಯಾರೆಂದು ಹೇಳುತ್ತವೆ. ಅಲ್ಲಿ ಕಳೆ ಕಿತ್ತವರು ಯಾರೆಂದು ಹೇಳುವುದಿಲ್ಲ. ನಮ್ಮವ್ವ ಮೂವತ್ತು ವರ್ಷ ಕಂಡವರ ಹೊಲದಾಗ ಕಳೆ ತೆಗೆದಾಳ. ಯಾವ ಉತಾರದಾಗೂ ಆಕೆಯ ಹೆಸರಿಲ್ಲ. ಪಾವಗಡದ ಸೋಲಾರ್ ಪಾರ್ಕಿನ ಚರಿತ್ರೆಯನ್ನು ನಾನು ಈ ಹಾಳಿಯಿಂದಲೇ ಓದಬೇಕಾಗಿದೆ.

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಆಗ ದೇವರಾಜ ಅರಸು ಮುಖ್ಯಮಂತ್ರಿ. 'ಉಳುವವನೇ ಹೊಲದೊಡೆಯ' ಎಂಬ ಮಾತು ಹಳ್ಳಿಹಳ್ಳಿ ಮುಟ್ಟಿತು. ಲಾವಣಿಗೆ ಹೊಲ ಮಾಡುತ್ತಿದ್ದವರು 7ನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಅನೇಕರಿಗೆ ಭೂಮಿ ದಕ್ಕಿತು. ಅದು ಸಣ್ಣ ಮಾತಲ್ಲ. ಆದರೆ ಕೂಲಿಯವನು, ಜೀತದವನು ಯಾವ ಅರ್ಜಿ ತುಂಬಬೇಕಿತ್ತು? ಕಾಯ್ದೆಯ ಕಣ್ಣಿಗೆ ಉಳುವವನೆಂದರೆ ಗೇಣಿ ಕೊಟ್ಟವನು, ಬೆವರು ಕೊಟ್ಟವನಲ್ಲ. ನಮ್ಮ ಕೇರಿಯವರಿಗೆ ಲಾವಣಿಗೆ ಹೊಲ ಕೊಟ್ಟವರಾದರೂ ಎಷ್ಟು ಮಂದಿ?

ಸರಿಯಾಗಿ 44 ವರ್ಷದ ಮೇಲೆ, 2018ರ ಮಾರ್ಚ್ 1ರಂದು, ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನಲ್ಲಿ 'ಶಕ್ತಿ ಸ್ಥಳ'ವನ್ನು ಉದ್ಘಾಟಿಸಿದರು. ಇದಕ್ಕಾಗಿ ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಕೂಡಿ 2015ರಲ್ಲೇ ಒಂದು ಕಂಪನಿ ಕಟ್ಟಿದ್ದವು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ. 2,050 ಮೆಗಾವಾಟ್ ವಿದ್ಯುತ್ತು. ರೈತನ ಭೂಮಿ ಕಿತ್ತುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಹಿಡಿದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಮಳೆ ಕೈಕೊಟ್ಟು ಶೇಂಗಾ ಒಣಗುವ ಸೀಮೆಯಲ್ಲಿ ಇದು ರೈತನಿಗೆ ಜೀವ ಬಂದಂತೆ. ಅವನ ಊಟಕ್ಕೆ ನನ್ನ ತಕರಾರಿಲ್ಲ.

ಆದರೆ ರೊಕ್ಕ ನಡೆದದ್ದು ಪಹಣಿಯ ಹಿಂದೆ. ಹತ್ತು ಎಕರೆಯವನಿಗೆ ಮೊದಲ ವರ್ಷಕ್ಕೇ 2,10,000 ರೂಪಾಯಿ. ಅದೇ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಹೆಣ್ಣಾಳಿಗೆ ಸೊನ್ನೆ. ಸರಕಾರಿ ಭೂಮಿಯನ್ನು ಹಕ್ಕುಪತ್ರವಿಲ್ಲದೆ ಉತ್ತುಕೊಂಡಿದ್ದವರಿಗೂ ಬಾಡಿಗೆ ಇಲ್ಲ. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಉಳಿದದ್ದು ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ. ಬಿತ್ತನೆಗೆ, ಕಳೆಗೆ, ಕಟಾವಿಗೆ ಬೇಕಾಗುತ್ತಿದ್ದಷ್ಟು ಕೈ ಅದಕ್ಕೆ ಬೇಡ. ಗುತ್ತಿಗೆ ಮುಗಿದ ದಿನ ಭೂಮಿ ಒಡೆಯನಿಗೆ ಮರಳುತ್ತದೆ. ಆ ಆಳು ಅಷ್ಟರೊಳಗೆ ಯಾವ ಊರಿನ ಯಾವ ಗುಡಿಸಲಲ್ಲಿರುತ್ತಾಳೋ!

ಇದನ್ನೆಲ್ಲ ಅವ್ವಗ ಹೇಳಿದೆ. "ಬಿಸಿಲಿಗೆ ರೊಕ್ಕ ಕೊಡ್ತಾರಂದ್ರ ಮೊದಲ ನಮಗ ಕೊಡಬೇಕಿತ್ತಲ್ಲೋ ತಮ್ಮಾ. ಬಿಸಿಲಾಗ ನಿಂತವ್ರು ನಾವಲ್ಲೇನು?" ಅಂದಳು.

ಅಧಿಕಾರಿಗಳೇ, ಮುಂದೆ ಯಾವ ಊರಿನಲ್ಲಿ ಇಂಥ ಯೋಜನೆ ಹಾಕಿದರೂ ಸರ್ವೆಯ ಕಲ್ಲು ನೆಡುವ ಮೊದಲು ಆ ಹೊಲದ ಕೂಲಿಗಳ ಪಟ್ಟಿ ಮಾಡಿ. ಬಾಡಿಗೆಯಲ್ಲಿ ಅವರಿಗೊಂದು ಪಾಲು ಬರೆಯಿರಿ. ನಾವು ದಾನ ಕೇಳುತ್ತಿಲ್ಲ. 1974ರಲ್ಲಿ ಬಿಟ್ಟುಹೋದ ಹೆಸರನ್ನು ಬರೆಸುತ್ತಿದ್ದೇವೆ.