ಸೀಟಿನ ಕೆಳಗಿನ ಹಗೇವು

ಹುಣಸೂರಿನಲ್ಲಿ ನಮ್ಮದು ಕುಷನ್ ಅಂಗಡಿ. ಅಪ್ಪ ಎತ್ತಿನ ಗಾಡಿಯ ಕಮಾನಿಗೆ, ಆಮೇಲೆ ಲಾರಿಗಳಿಗೆ ಟಾರ್ಪಾಲು ಹೊಲಿದರು. ನನ್ನ ಕಾಲಕ್ಕೆ ರೆಕ್ಸಿನ್ ಬಂತು. ಈಗೀಗ ಮುಂಗಾರು ಹಿಡಿದರೆ ಸೀಟು ಹೊಲಿಸುವವರಿಗಿಂತ ‘ಅಣ್ಣ, ಡಿಕ್ಕಿ ಒಳಗೆ ನೀರು ಬರ್ತದೆ, ಏನಾದ್ರೂ ಮಾಡಿ’ ಅಂತ ಬರುವವರೇ ಜಾಸ್ತಿ. ತರುವ ಗಾಡಿ ಬಹುಪಾಲು ಎಲೆಕ್ಟ್ರಿಕ್ ಸ್ಕೂಟರು. ಪಿರಿಯಾಪಟ್ಟಣದ ಕಡೆಯವರು ಸೀಟಿನಡಿಯ ಆ ಡಿಕ್ಕಿಯೊಳಗೆ ಬ್ಯಾಂಕಿನ ಪಾಸ್‌ಬುಕ್ಕು, ಬಿತ್ತನೆ ಬೀಜದ ಪೊಟ್ಟಣ ಇಟ್ಟಿರುತ್ತಾರೆ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ಓಡಾಡುವವರಿಗೆ ಮಳೆಗಿಂತ ಧೂಳಿನ ಕಾಟ.

ಸೀಟಿನ ಕೆಳಗೆ ಸಾಮಾನು ಇಡುವುದು ನಮ್ಮಲ್ಲಿ ಹಳೆಯ ರೂಢಿಯೇನಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳ ಸೀಟು ನಾನು ಎಷ್ಟು ಹೊಲಿದೆನೋ ಲೆಕ್ಕವಿಲ್ಲ. ಅವುಗಳ ಪಕ್ಕದ ಡಬ್ಬಿಯಲ್ಲಿ ಸ್ಪ್ಯಾನರು ಹಿಡಿಸಿದರೆ ಹೆಚ್ಚು. 1972ರಲ್ಲಿ ಬಂದ ಬಜಾಜ್ ಚೇತಕ್‌ನ ಸೀಟಿನ ಕೆಳಗಿದ್ದದ್ದು ಪೆಟ್ರೋಲ್ ಟ್ಯಾಂಕು. ಸಾಮಾನಿಗೆ ಮೊಣಕಾಲಿನ ಎದುರಿನ ಪೆಟ್ಟಿಗೆ, ಅದು ಸಾಲದಿದ್ದರೆ ಕಾಲಿಡುವ ಜಾಗ. ಗ್ಯಾಸ್ ಸಿಲಿಂಡರು ಅಲ್ಲೇ ನಿಂತು ಮನೆಗೆ ಬರುತ್ತಿತ್ತು. 2001ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ಸೀಟೆತ್ತಿ ಹೆಲ್ಮೆಟ್ಟೋ ತರಕಾರಿ ಚೀಲವೋ ಇಡುವುದು ಹೆಂಗಸರಿಗೂ ಗಂಡಸರಿಗೂ ಅಭ್ಯಾಸವಾಯಿತು. 2018ರಲ್ಲಿ ಬೆಂಗಳೂರಿನ ಏಥರ್ ಕಂಪನಿ ತನ್ನ 450 ಸ್ಕೂಟರಿನ ಬ್ಯಾಟರಿಯನ್ನು ಕಾಲಡಿಯ ಹಲಗೆಯ ಕೆಳಕ್ಕೆ ಇಳಿಸಿ ಸೀಟಿನಡಿ 22 ಲೀಟರ್ ಜಾಗ ಬಿಟ್ಟುಕೊಟ್ಟಿತು. 2024ರ ರಿಜ್ಟಾದಲ್ಲಿ ಅದು 34 ಲೀಟರ್ ಆಯಿತು. ಚೇತಕ್ ಕೂಡ 2020ರಲ್ಲಿ ಪೆಟ್ರೋಲ್ ಬಿಟ್ಟು ಬ್ಯಾಟರಿ ಹೊತ್ತು ಮರಳಿ ಬಂತು.

ಜಾಗ ದೊಡ್ಡದಾದಾಗಲೇ ನನಗೆ ಅಜ್ಜಿ ಹೇಳುತ್ತಿದ್ದ ಹಗೇವಿನ ನೆನಪಾದದ್ದು.

ನಮ್ಮ ಸೀಮೆಯ ರಾಗಿ ಊರುಗಳಲ್ಲಿ ದೊಡ್ಡ ಮನೆ ಎನ್ನಿಸಿಕೊಳ್ಳಲು ಅಂಗಳದಲ್ಲಿ ಒಂದು ಹಗೇವಾದರೂ ಇರಬೇಕಿತ್ತು. ನೀರು ನಿಲ್ಲದ ಎತ್ತರದ ಗಟ್ಟಿ ನೆಲ ನೋಡಿ ಗುಂಡಿ ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟೇ. ಒಳಗೆ ಹೊಟ್ಟೆ ಅಗಲ. ಗೋಡೆ ಬಡಿದು ನಯ ಮಾಡಿ, ಒಳಗೆ ಹುಲ್ಲು ಉರಿಸಿ ಮಣ್ಣಿನ ಪಸೆ ಓಡಿಸುತ್ತಿದ್ದರು. ಸುತ್ತಲೂ ಒಣಹುಲ್ಲು ಒತ್ತಿ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು, ಚಪ್ಪಡಿ, ಅದರ ಸಂದಿಗೆಲ್ಲ ಮಣ್ಣು, ಸಗಣಿ. ಹಾಗೆ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಒಳಗಿನ ಕಾಳೇ ಉಸಿರಾಡಿ ಗಾಳಿಯ ಆಮ್ಲಜನಕ ಮುಗಿಸಿಬಿಡುತ್ತದೆ. ಹುಳುವಿಗೆ ಬದುಕಲು ಏನೂ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಹಗೇವು ತೆಗೆದ ಕೂಡಲೇ ಇಳಿದ ಆಳು ಸತ್ತದ್ದೂ ಉಂಟು. ಬಾಯಿ ತೆರೆದಿಟ್ಟು, ಹಗ್ಗದಲ್ಲಿ ಲಾಂದ್ರ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. 1876–78ರ ಬರದಂಥ ಕಾಲದಲ್ಲಿ ಹಗೇವು ತುಂಬಿದ್ದ ಮನೆಗೂ ಇಲ್ಲದ ಮನೆಗೂ ಎಷ್ಟು ಅಂತರವಿದ್ದಿರಬೇಕು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಜ್ಜಿ ಒತ್ತಿ ಹೇಳುತ್ತಿದ್ದದ್ದು ಮುಚ್ಚಳದ ಮಾತಲ್ಲ, ಒಣಗಿಸುವ ಮಾತು. ಹಸಿ ರಾಗಿ ಹಾಕಿ ಎಷ್ಟು ಭದ್ರವಾಗಿ ಮೆತ್ತಿದರೂ ಮುಗ್ಗುತ್ತದೆ. ಕೆ.ಆರ್. ನಗರದ ಕಡೆ, ನಾಲೆ ಬಯಲಿನಲ್ಲಿ, ನೆಲ ಅಗೆದರೆ ತೇವವೇ ಸಿಗುವಲ್ಲಿ, ಹಗೇವಿನ ಗೊಡವೆಗೆ ಹೋಗದೆ ಬಿದಿರ ಕಣಜ ಹೆಣೆದು ಸಗಣಿ ಬಳಿದು ಭತ್ತವನ್ನು ನೆಲದಿಂದ ಮೇಲಕ್ಕೆ ಎತ್ತಿಟ್ಟರು. ನೆಲ ಬದಲಾದರೆ ಮುಚ್ಚುವ ಬಗೆಯೂ ಬದಲು. ಪಡಿತರ ಅಂಗಡಿ, ಗೋಣಿ, ಪ್ಲಾಸ್ಟಿಕ್ ಚೀಲ ಬಂದ ಮೇಲೆ ಹಗೇವಿಗೆ ಮಣ್ಣು ತುಂಬಿದರು.

ಹೊಗೆಸೊಪ್ಪಿನವರ ಕಥೆ ತಿರುಗುಮುರುಗು. ಸೊಪ್ಪು ಒಣಗಿಸುವ ಮನೆಯಾದ ಬ್ಯಾರನ್‌ನಲ್ಲಿ ಬೆಂದ ವರ್ಜೀನಿಯಾ ಎಲೆ ಹಪ್ಪಳದಂತೆ ಮುರಿಯುತ್ತದೆ. ಬಾಗಿಲು ತೆರೆದು ರಾತ್ರಿಯ ತಂಪು ಕುಡಿಸಿ ಹದ ಬಂದ ಮೇಲೆಯೇ ಇಳಿಸಬೇಕು. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದಾಗಿನಿಂದ ಬೇಲಿನ ಹದ ತಪ್ಪಿದರೆ ಬೆಲೆ ಬೀಳುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಹಾಗಾಗಿ ಬೆಳೆಗಾರರಿಗೆ ನಾನು ತೇವದ ಪಾಠ ಹೇಳಬೇಕಾಗಿಲ್ಲ. ಪಟ್ಟಣದ ಹುಡುಗರಿಗೆ ಹೇಳಬೇಕು.

ಪೆಟ್ರೋಲ್ ಸ್ಕೂಟರಿನ ಡಿಕ್ಕಿಗೆ ಇಂಜಿನ್ನಿನ ಬಿಸಿ ತಾಗುತ್ತಿತ್ತು. ಹಾಲು ಒಡೆಯುತ್ತಿತ್ತು, ಚಾಕೊಲೇಟು ಕರಗುತ್ತಿತ್ತು, ನಿಜ. ಆದರೆ ಒದ್ದೆಯಾದ ಡಿಕ್ಕಿ ತಾನೇ ಒಣಗಿಕೊಳ್ಳುತ್ತಿತ್ತು. ಕಾಲಡಿಯಲ್ಲಿ ಬ್ಯಾಟರಿ ಇರುವ ಗಾಡಿಯಲ್ಲಿ ಆ ಒಲೆ ಇಲ್ಲ. ನೆನೆದ ರೈನ್‌ಕೋಟನ್ನು ಮಡಚಿ ಒಳಗಿಟ್ಟು ಸೀಟು ಒತ್ತಿದರೆ, ಹೊರಗಿನಿಂದ ಹನಿ ನೀರೂ ಬಾರದೆ ಪಾಸ್‌ಬುಕ್ಕು ಬೂಷ್ಟು ಹಿಡಿಯುತ್ತದೆ. ಆಮೇಲೆ ಬೈಗುಳ ರಬ್ಬರಿಗೆ.

ಅದಕ್ಕೇ ಗಾಡಿ ಬಂದರೆ ಮೊದಲು ಡಿಕ್ಕಿ ಖಾಲಿ ಮಾಡಿಸಿ ಬಿಸಿಲಿಗೆ ನಿಲ್ಲಿಸುತ್ತೇನೆ. ಒಣಗಿದ ಮೇಲೆ ಅಂಚಿಗೆ ಸೀಮೆಸುಣ್ಣದ ಪುಡಿ ಬಳಿದು ಸೀಟು ಒತ್ತಿ ಎತ್ತಿದರೆ, ಸೀಟಿನ ತಳದಲ್ಲಿ ಗುರುತು ಬೀಳದ ಕಡೆಯೇ ಸಂದಿ. ಬಹಳ ಸಲ ಅದು ಹಿಂಜಿನ ಬಳಿ, ಇಲ್ಲವೇ ಬೀಗದ ತಂತಿ ಹೊಗುವ ತೂತಿನಲ್ಲಿ. ಅಲ್ಲಿಗೆ ಮಾತ್ರ ಒಳಗೆ ಟೊಳ್ಳಿರುವ ರಬ್ಬರ್ ಬೀಡಿಂಗ್. ಸೀಟಿನ ಸ್ಪಂಜು ಕತ್ತರಿಸಿ ಅಂಟಿಸುವುದು ದಡ್ಡತನ. ಅದು ನೀರು ಕುಡಿದು ಕೂರುತ್ತದೆ. ಬೀಡಿಂಗ್ ದಪ್ಪವಾದರೆ ಬೀಗ ಕೂರುವುದಿಲ್ಲ. ತಳದಲ್ಲಿ ನೀರಿಳಿಯುವ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿಸಿಕೊಂಡು ಬಂದವರಿಗೆ ಮೊದಲು ಅದನ್ನೇ ಬಿಡಿಸಿ ಕೊಡುತ್ತೇನೆ. ಧೂಳು ಬರುತ್ತದೆ ಅನ್ನುವವರಿಗೆ ತೂತಿನ ಮೇಲೆ ಸಣ್ಣ ಜಾಲರಿ ಸಾಕು.

ಬ್ಯಾಟರಿಯೇ ಸೀಟಿನ ಕೆಳಗಿರುವ, ಎತ್ತಿಕೊಂಡು ಹೋಗಿ ಮನೆಯಲ್ಲಿ ಚಾರ್ಜ್ ಮಾಡುವ ಗಾಡಿ ಬಂದರೆ ನಾನು ರಬ್ಬರಿಗೆ ಕೈ ಹಾಕುವುದಿಲ್ಲ. ಅದರ ಬಿಸಿ ಹೊರಹೋಗಲು ಕಂಪನಿಯವರು ಎಲ್ಲಿ ದಾರಿ ಬಿಟ್ಟಿದ್ದಾರೆ ಎಂದು ಅವರ ಸರ್ವೀಸಿನವರೇ ನೋಡಿ ಹೇಳಬೇಕು. ಸಾಮಾನಿಗೆ ಬೇಕಾದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬಜಾರಿನಲ್ಲಿ ಸಿಗುತ್ತದೆ ಎಂದು ಹೇಳಿ ಕಳಿಸುತ್ತೇನೆ.