ವಕೀಲ
ಅರಬ್ಬಿ ಮೂಲದ ‘ವಕೀಲ್’ ಪಾರಸಿಯ ಮೂಲಕ ಕನ್ನಡಕ್ಕೆ ಬಂದ ಪದವಾಗಿದ್ದು, ಇನ್ನೊಬ್ಬರ ಪರವಾಗಿ ವ್ಯವಹರಿಸುವ ಅಧಿಕಾರ ಪಡೆದವನು ಎಂಬುದೇ ಅದರ ಮೊದಲ ಅರ್ಥ. ಹದಿನೆಂಟನೆಯ ಶತಮಾನದ ಮೈಸೂರು, ಪುಣೆ, ಹೈದರಾಬಾದು ದರ್ಬಾರುಗಳಲ್ಲಿ ವಕೀಲನೆಂದರೆ ಮುಖ್ಯವಾಗಿ ರಾಯಭಾರಿ. ಕಕ್ಷಿದಾರರು ಸಹಿ ಹಾಕಿ ಕೊಡುವ ‘ವಕಾಲತ್ತು’, ಅಂದರೆ ತಮ್ಮ ಪರ ನಡೆದುಕೊಳ್ಳಲು ಕೊಟ್ಟ ಅಧಿಕಾರಪತ್ರ, ಆ ಹಳೆಯ ಅರ್ಥವನ್ನು ಇಂದಿಗೂ ಉಳಿಸಿಕೊಂಡಿದೆ. ಕಂಪನಿಯ ಕಾನೂನು ವಿಭಾಗದಲ್ಲಿ ಸಂಬಳಕ್ಕಿದ್ದು ಕರಾರುಗಳನ್ನು ತಿದ್ದುವ, ಹೊರಗಿನ ವಕೀಲರನ್ನು ಗೊತ್ತುಮಾಡಿ ಅವರ ಶುಲ್ಕದ ಬಿಲ್ಲುಗಳನ್ನು ಪರಿಶೀಲಿಸುವ ಅಧಿಕಾರಿಯನ್ನೂ ಆಡುಮಾತು ಇದೇ ಹೆಸರಿನಿಂದ ಕರೆಯುತ್ತದೆ. ಮೂಲಾರ್ಥಕ್ಕೆ ಇದು ಚೆನ್ನಾಗಿಯೇ ಒಪ್ಪುತ್ತದೆ, ಕಾನೂನಿಗೆ ಒಪ್ಪದು: ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರರು ವಕೀಲಿ ವೃತ್ತಿ ನಡೆಸುವಂತಿಲ್ಲ, ನೌಕರಿಗೆ ಸೇರಿದಾಗ ಅದನ್ನು ರಾಜ್ಯ ಪರಿಷತ್ತಿಗೆ ತಿಳಿಸಿ ವೃತ್ತಿಯನ್ನು ನಿಲ್ಲಿಸಬೇಕು. ಆದ್ದರಿಂದ ಬರಹದಲ್ಲಿ ಅವರನ್ನು ‘ಕಾನೂನು ಅಧಿಕಾರಿ’ ಎನ್ನುವುದೇ ಸರಿ.